ತೊಟ್ಟಿಲಿಗೆ ಹಚ್ಚಿದ ಎಣ್ಣೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಷ್ಟು ವಿವರಗಳು ತಪ್ಪಿರಬಹುದು. ಆ ಬುಟ್ಟಿ ಬಿದಿರಿನದೇ ಆಗಿತ್ತೇ, ಚಿಕ್ಕಪ್ಪ ಎಣ್ಣೆಗೆ ಕರ್ಪೂರ ಹಾಕುತ್ತಿದ್ದನೇ, ಅವತ್ತು ಸೋಮವಾರವೇ, ಯಾವುದಕ್ಕೂ ನಾನು ಆಣೆ ಮಾಡಲಾರೆ. ತರಗತಿಯಲ್ಲಿ ಇತಿಹಾಸ ಹೇಳುತ್ತ "ಆಧಾರ ಎಲ್ಲಿದೆ?" ಎಂದು ಹುಡುಗರನ್ನು ಗೋಳು ಹೊಯ್ದುಕೊಳ್ಳುವವಳು ನಾನು. ನನ್ನದೇ ಬಾಲ್ಯದ ಬಗ್ಗೆ ನನ್ನ ಬಳಿ ಇರುವ ಆಧಾರ ಒಂದು ವಾಸನೆ ಮಾತ್ರ.

ಆ ವಾಸನೆ ಹೋದ ತಿಂಗಳು ಚಿತ್ರದುರ್ಗದ ನಮ್ಮ ಅಡುಗೆಮನೆಯಲ್ಲಿ ಎದ್ದಿತು. ನನ್ನ ಹಳೆಯ ಡೆಸ್ಕು ಮಂಕಾಗಿತ್ತು. ನೆಲದ ಮೇಲೆ ಕೂತು ಬರೆಯುವ, ಮುಚ್ಚಳ ಇಳಿಜಾರಾಗಿರುವ ಪುಟ್ಟ ಡೆಸ್ಕು ಅದು. ದಿನಚರಿ ಬರೆಯುವುದು ಇವತ್ತಿಗೂ ಅದರ ಮೇಲೆಯೇ. ಅಂಗಡಿಯ ಪಾಲಿಶ್ ಹಚ್ಚಲು ಮನಸ್ಸಾಗಲಿಲ್ಲ. ಬಣ್ಣದಂಗಡಿಯಿಂದ ಒಂದು ಡಬ್ಬಿ ಅಗಸೆ ಎಣ್ಣೆ ತಂದೆ, ಜೇನುಮೇಣವನ್ನು ಈಳಿಗೆಯಲ್ಲಿ ತುರಿದೆ, ಎರಡನ್ನೂ ಸಣ್ಣ ಉರಿಯಲ್ಲಿಟ್ಟು ಕಲಕಿದೆ. ಮೇಣ ಕರಗಿದ್ದೇ ತಡ, ಒಲೆಯ ಮುಂದೆ ಐಮಂಗಲದ ಚಿಕ್ಕಪ್ಪ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಚಿಕ್ಕಪ್ಪ ಬಡಗಿಯಲ್ಲ. ಹೊಲ ನೋಡಿಕೊಂಡಿದ್ದವನು. ಬಿ.ದುರ್ಗದ ಬಡಗಿಯೊಬ್ಬರ ಹತ್ತಿರ ಈ ಎಣ್ಣೆ ಕಾಯಿಸುವುದನ್ನು ಕಲಿತುಬಂದಿದ್ದ, ಅಷ್ಟೇ. ಬಾಯಲ್ಲಿ ಸದಾ ಬೀಡಿ. ಎಣ್ಣೆಯ ಮುಂದೆ ಕೂತಾಗ ಮಾತ್ರ ಅದನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಕಡ್ಡಿಯಿಂದ ಒಂದು ತೊಟ್ಟು ಎತ್ತಿ ಹೆಬ್ಬೆರಳ ಉಗುರಿನ ಮೇಲೆ ಬಿಡುವನು. ಅದು ಹರಿಯದೆ ಗಟ್ಟಿಯಾಗಿ ಕೂತರೆ "ಬಂತು ಕಣವ್ವ ಹದ" ಎನ್ನುವನು.

ನನಗೆ ಎಂಟೋ ಒಂಬತ್ತೋ ವಯಸ್ಸು. ರಜೆಗೆ ಐಮಂಗಲಕ್ಕೆ ಹೋಗಿದ್ದೆ. ಚಿಕ್ಕಮ್ಮ ಬಾಣಂತನಕ್ಕೆ ಹೊಸದುರ್ಗದ ತವರಿಗೆ ಹೋಗಿದ್ದಳು. ಹೆಣ್ಣು ಮಗುವಾಗಿದೆಯೆಂದು ಸುದ್ದಿ ಬಂದಿತ್ತು. ಅವಳು ಕೂಸಿನ ಜೊತೆ ವಾಪಸ್ಸು ಬರುವಷ್ಟರಲ್ಲಿ ಮನೆಯ ಹಳೆಯ ತೊಟ್ಟಿಲು ಹೊಳೆಯಬೇಕೆಂಬುದು ಚಿಕ್ಕಪ್ಪನ ಹಟ. ನಮ್ಮಪ್ಪ, ಚಿಕ್ಕಪ್ಪ, ನಾನು ಎಲ್ಲರೂ ಮಲಗಿದ್ದ ತೊಟ್ಟಿಲು ಅದು. ಅಂಚಿನ ತುಂಬ ಹಲ್ಲಿನ ಗುರುತುಗಳು.

"ಕೂಸು ಬಾಯಿ ಹಾಕ್ತೈತೆ. ಅಂಗಡಿ ಮಾಲು ಬ್ಯಾಡ. ಇದಾದ್ರೆ ನೆಕ್ಕಿದ್ರೂ ಏನಾಗಲ್ಲ" ಎಂದ.

"ಹಂಗಾದ್ರೆ ನೀನೇ ಒಂದ್ಸಲ ನೆಕ್ಕಿ ತೋರ್ಸಲೇ" ಎಂದಳು ಅಜ್ಜಿ, ಅಂದರೆ ಅವನ ತಾಯಿ.

ಅವನು ನಿಜವಾಗಿಯೂ ನೆಕ್ಕಿದ. ಮುಖ ಹಿಂಡಿದ್ದು ನೋಡಿ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಇದು ಮಾತ್ರ ಖಂಡಿತ ನಡೆದದ್ದು. ಇದೂ ಸುಳ್ಳಾದರೆ ನನಗೆ ತುಂಬ ಬೇಸರವಾಗುತ್ತದೆ.

ಬೆಳಗಿನಿಂದ ಹಳೆಯ ಪಂಚೆಯ ತುಂಡುಗಳಲ್ಲಿ ತೊಟ್ಟಿಲನ್ನು ತಿಕ್ಕಿದೆವು. "ಕೈ ಬಿಸಿ ಆಗಗಂಟ ತಿಕ್ಕು. ಮರಕ್ಕೆ ನಿನ್ನ ಕೈ ಗೊತ್ತಾಗ್ಬೇಕು" ಎನ್ನುತ್ತಿದ್ದ. ತಿಕ್ಕಿದ ಬಟ್ಟೆಗಳನ್ನು ಹಿತ್ತಲ ಕಲ್ಲುಗೋಡೆಯ ಮೇಲೆ ಒಂದೊಂದಾಗಿ ಹರವಿ, ಗಾಳಿಗೆ ಹಾರದಂತೆ ಕಲ್ಲು ಹೇರಿದ. "ಇವನ್ನ ಮುದ್ದೆ ಮಾಡಬ್ಯಾಡ, ಹಿಂಗೇ ಇರ್ಲಿ" ಎಂದ. ಯಾಕೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಅಚ್ಚುಕಟ್ಟಿನ ಹುಡುಗಿ, ಶಾಲೆಯಲ್ಲಿ ಅದಕ್ಕೇ ಹೆಸರು. ಊಟವಾದ ಮೇಲೆ ಎಲ್ಲರೂ ಅಡ್ಡಾದಾಗ ಹಿತ್ತಲಿಗೆ ಹೋದೆ. ಕಲ್ಲು ತೆಗೆದು, ಆ ಬಟ್ಟೆಗಳನ್ನು ಮಡಚಿ, ಬುಟ್ಟಿಯಲ್ಲಿ ಒತ್ತೊತ್ತಾಗಿ ಜೋಡಿಸಿ, ಮೇಲೊಂದು ಗೋಣಿ ಮುಚ್ಚಿ, ಒಳಗೆ ತಂದು ತೊಟ್ಟಿಲ ಕೆಳಗೆ ತಳ್ಳಿದೆ. ಯಾರಾದರೂ ನೋಡಿ ಜಾಣೆ ಎನ್ನಲಿ ಎಂದು. ಯಾರೂ ನೋಡಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲಿದ್ದ ಕೋಣೆಯಿಂದ ಹೊಗೆ. ಚಿಕ್ಕಪ್ಪ ದನದ ಬಾನಿಯಿಂದ ನೀರು ಮೊಗೆದು ಮೊಗೆದು ಎರಚಿದ. ಯಾರಿಗೂ ಏನೂ ಆಗಲಿಲ್ಲ. ತೊಟ್ಟಿಲು ಮಾತ್ರ ಅರ್ಧ ಇದ್ದಿಲಾಯಿತು.

"ಮೂರೊತ್ತೂ ಹೊಗೆ ಬಿಡ್ತೀಯಲ್ಲೋ! ಕೂಸು ಮನೆಗೆ ಬರಾಕೆ ಮುಂಚೆ ತೊಟ್ಲಿಗೆ ಬೆಂಕಿ ಇಟ್ಯಲ್ಲೋ!" ಎಂದು ಅಜ್ಜಿ ಎದೆ ಬಡಿದುಕೊಂಡಳು.

ಚಿಕ್ಕಪ್ಪ ಕೈಯಲ್ಲಿ ಆ ಬುಟ್ಟಿಯ ಬಾಯಂಚಿನ ಸುಟ್ಟ ಬಳೆಯನ್ನು ಹಿಡಿದು ನಿಂತಿದ್ದ. ಅದನ್ನೇ ನೋಡಿದ. ಆಮೇಲೆ ನನ್ನನ್ನು ನೋಡಿದನೇ? ನೋಡಿದ ಎಂದು ಈಗ ಅನ್ನಿಸುತ್ತದೆ. "ಆತು ಬಿಡವ್ವ, ನನ್ ಬೀಡೀದೇ ತಪ್ಪು" ಎಂದ.

ಅವತ್ತೇ ಬೀಡಿ ಬಿಟ್ಟ, ಎಣ್ಣೆ ಕಾಯಿಸುವುದನ್ನೂ ಬಿಟ್ಟ. ಕೂಸು ಸೀರೆಯ ಜೋಲಿಯಲ್ಲಿ ಬೆಳೆಯಿತು. ಅದು ಅತ್ತಾಗಲೆಲ್ಲ ಅಜ್ಜಿ "ಸುಮ್ನಿರು, ತೊಟ್ಲು ಸುಟ್ಟೋನ ಮಗಳೇ" ಎಂದು ಜೋಲಿ ತೂಗುವಳು. ಆ ಹೆಸರು ಮನೆ ದಾಟಿ ಊರಿಗೂ ಹಬ್ಬಿತು. ಮದುವೆ ಮುಂಜಿಗಳಲ್ಲಿ ನೆಂಟರು ಅದನ್ನು ಹೇಳಿ ನಗುತ್ತಿದ್ದರು. ಚಿಕ್ಕಪ್ಪನೂ ನಗುತ್ತಿದ್ದ. ನಾನೂ ನಕ್ಕಿದ್ದೇನೆ.

ಮೂರ್ನಾಲ್ಕು ವರ್ಷದ ಮೇಲೆ, ನಾನು ಹೈಸ್ಕೂಲು ಸೇರುವಾಗ, ಆ ತೊಟ್ಟಿಲಿನ ಉಳಿದ ಹಲಗೆಗಳಿಂದ ಅವನು ಒಂದು ಡೆಸ್ಕು ಮಾಡಿಸಿಕೊಟ್ಟ. ಅವನ ಸ್ವಂತ ಮಗಳಿಗಲ್ಲ, ನನಗೆ. "ಓದೋಳು ನೀನು, ಇಟ್ಕ" ಎಂದ. ಮುಚ್ಚಳದ ಒಳಬದಿಯಲ್ಲಿ ಒಂದು ಮೂಲೆ ಇನ್ನೂ ಕಪ್ಪಾಗಿದೆ.

ಹೋದ ತಿಂಗಳು ನಾನು ಎಣ್ಣೆ ತಿಕ್ಕಿ ಮುಗಿಸಿದ್ದು ಈ ಡೆಸ್ಕಿಗೇ. ಬಟ್ಟೆಗಳನ್ನು ಅಚ್ಚುಕಟ್ಟಾಗಿ ಮಡಚಿ ಒಂದು ಚೀಲಕ್ಕೆ ತುರುಕಿದೆ. ಸಿಕ್ಕಿದ್ದನ್ನೆಲ್ಲ ಓದುವ ಚಟದಿಂದ ಎಣ್ಣೆ ಡಬ್ಬಿಯನ್ನೂ ತಿರುಗಿಸಿ ಓದಿದೆ. ಈ ಎಣ್ಣೆ ಕುಡಿದ ಬಟ್ಟೆಗಳನ್ನು ಗುಡ್ಡೆ ಹಾಕಬಾರದು, ಅವು ಬೆಂಕಿಯ ಸೋಂಕಿಲ್ಲದೆ ತಾವೇ ಕಾದು ಹೊತ್ತಿಕೊಳ್ಳಬಹುದು, ಹರವಿ ಒಣಗಿಸಬೇಕು ಎಂದಿತ್ತು.

ಚೀಲದೊಳಗೆ ಕೈ ಹಾಕಿದೆ. ಬಟ್ಟೆ ಬೆಚ್ಚಗಿತ್ತು. ಅಥವಾ ನನ್ನ ಕೈಯೇ ಬೆಚ್ಚಗಿತ್ತೇನೋ. ಬೀಡಿಯಿಂದಲೇ ಹೊತ್ತಿರಲೂಬಹುದಲ್ಲ? ಇಷ್ಟು ವರ್ಷದ ಮೇಲೆ ತಪ್ಪನ್ನು ಮೈಮೇಲೆ ಎಳೆದುಕೊಂಡು ಕಥೆಯ ನಡುವೆ ನಿಲ್ಲುವ ಆಸೆ ನನಗೇ ಇರಬಾರದೇಕೆ? ಹೀಗೆ ನಾನು ವಾದ ಹೂಡುತ್ತಲೇ ಇದ್ದೆ, ಕೈ ಮಾತ್ರ ಬಟ್ಟೆಗಳನ್ನು ಒಂದೊಂದಾಗಿ ಚೀಲದಿಂದ ಹೊರತೆಗೆಯುತ್ತಿತ್ತು.

ಮೊನ್ನೆ ಭಾನುವಾರ, ನಾನು ಕಾಯಿಸಿದ ಎಣ್ಣೆ-ಮೇಣ ಉಳಿದಿದ್ದ ಡಬ್ಬಿ ಹಿಡಿದು ಐಮಂಗಲಕ್ಕೆ ಹೋದೆ. ಚಿಕ್ಕಪ್ಪನಿಗೆ ಈಗ ಕಣ್ಣು ಮಂದ. ಮೂಸಿ ನೋಡಿದ, ಉಗುರಿನ ಮೇಲೆ ಒತ್ತಿ ನೋಡಿದ. "ಮೇಣ ಒಂಚೂರು ಜಾಸ್ತಿ ಆಗೈತೆ" ಎಂದ. ಆಮೇಲೆ, "ತಿಕ್ಕಿದ್ ಬಟ್ಟೆ ಏನ್ ಮಾಡ್ದೆ?"

"ಹರವಿದೀನಿ ಚಿಕ್ಕಪ್ಪ. ಒಂದೊಂದಾಗಿ."

"ಹ್ಞೂಂ" ಎಂದ.

ಆಗ ಕೇಳಿಬಿಟ್ಟೆ. ಅವನು ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಬಿಗಿ ಮಾಡಿದ. "ಬಾರವ್ವ, ಉಣ್ಣಾಣ. ನಿಮ್ ಚಿಕ್ಕಮ್ಮ ಆಗ್ಲಿಂದ ಕರೀತಾವ್ಳೆ" ಎಂದು ನನ್ನ ಭುಜ ಹಿಡಿದು ಎದ್ದ. ಒಳಗೆ ಯಾರೂ ಕರೆದದ್ದು ನನಗೆ ಕೇಳಿಸಿರಲಿಲ್ಲ.

ಈಗ ಇದನ್ನು ಅದೇ ಡೆಸ್ಕಿನ ಮೇಲೆ ಬರೆಯುತ್ತಿದ್ದೇನೆ. ಹೊರಗೆ ತಂತಿಯ ಮೇಲೆ, ನಾನಿನ್ನೂ ತೆಗೆಯದ ಎಣ್ಣೆಬಟ್ಟೆಗಳು ದೂರದೂರವಾಗಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿವೆ. ನಾನು ಅವನನ್ನು ಕೇಳಿದ್ದು ಇಷ್ಟೇ: "ಬುಟ್ಟಿ ಅಲ್ಲಿಟ್ಟೋಳು ನಾನು ಅಂತ ನಿಂಗೆ ಅವತ್ತೇ ಗೊತ್ತಿತ್ತಾ, ಚಿಕ್ಕಪ್ಪ?"