ದಸ್ತಿ ಹಾಕಿ ಹಿಡಿದ ಸೀಟು

ಸೇಡಂ ಬಸ್‌ಸ್ಟ್ಯಾಂಡಿನೊಳಗ ದಸ್ತಿ, ಅದೇ ಕೈವಸ್ತ್ರ, ಒಗದು ಸೀಟ್ ಹಿಡಿಯೋದ್ರಾಗ ನನ್ನ ಮೀರಿಸೋರು ಯಾರೂ ಇಲ್ಲ. ಜಂಬ ಅಲ್ಲರಿ, ಖರೇನೇ. ಹೆಣ್ಣುಮಕ್ಕಳಿಗಿ ಟಿಕೇಟ್ ಪುಕ್ಕಟ ಆದಾಗಿಂದ ಬಾಗಿಲದಾಗ ಏರಿ ಸೀಟ್ ಹುಡುಕ್ತೀನಿ ಅನ್ನೋರು ಚಿಂಚೋಳಿ ತನಾ ನಿಂತೇ ಹೋಗಬೇಕು. ಬಸ್ ಇನ್ನೂ ತಿರುಗಲಿಕತ್ತಿರತದ, ಅಷ್ಟರಾಗ ಖಿಡಕಿಯಿಂದ ದಸ್ತಿ ಒಗದು ಸೀಟಿನ ಮ್ಯಾಲ ಬೀಳಿಸಬೇಕು. ಬಿತ್ತು ಅಂದ್ರ ಆ ಸೀಟ್ ನಮ್ಮದು. ಇದು ಯಾವ ಕಾಯ್ದೆದಾಗೂ ಬರದಿಲ್ಲ, ಆದ್ರ ನಮ್ಮ ಕಡಿ ಎಲ್ಲಾರೂ ಇದನ್ನ ಮಾನ್ಯ ಮಾಡ್ತಾರ.

ಆವತ್ತು ನನ್ನ ಜೋಡಿ ಮಾವನವರಿದ್ರು. ಅವರು ರಿಟೈರ್ ಆದ ಹೆಡ್‌ಮಾಸ್ತರು. ಮೊದಲ ನೌಕರಿ ಮಾಡಿದ್ದು ಚಿಂಚೋಳಿ ಹತ್ತಿರದ ಚಿಮ್ಮನಚೋಡದ ಸಾಲ್ಯಾಗ. ಅಲ್ಲಿ ಅವರ ಕೈಯಾಗ ಕಲ್ತವರು ಈಗ ತಾವೇ ಮೊಮ್ಮಕ್ಕಳನ್ನ ಕಂಡಾರ. ಅವರೆಲ್ಲ ಕೂಡಿ ಗುರುವಂದನಾ ಇಟ್ಟು ಇವರನ್ನ ಕರದಿದ್ರು. ರಿಟೈರ್ ಆದಮ್ಯಾಲ ಇವರ ಕೈಯಾಗ ಯಾರೂ ಮೈಕ್ ಕೊಟ್ಟಿರಲಿಲ್ಲ. ನಾಕು ಹಾಳಿ ಭಾಷಣ ಬರದು, ಎಂಟು ದಿವಸ ಕನ್ನಡಿ ಮುಂದ ನಿಂತು ಒಪ್ಪಿಸಿಕೊಂಡ್ರು. ಅದರ ಸಲುವಾಗೇ ಹೊಸಾ ಹಲ್ಲಿನ ಸೆಟ್ ಮಾಡಿಸಿದ್ರು. ಬೋಳು ಬಾಯಿಲೆ ಮಂದಿ ಮುಂದ ಮಾತಾಡೋದಂದ್ರ ಅವರಿಗಿ ಅಂಗಿ ಇಲ್ಲದ ನಿಂತಂಗ. ನಮ್ಮ ಮನಿಯವರಿಗಿ ಕೋಡ್ಲಾದಾಗ ಡ್ಯೂಟಿ ಇತ್ತು, ಅದಕ್ಕ ಕರ್ಕೊಂಡು ಹೋಗೋ ಕೆಲಸ ನನ್ನ ಕೊರಳಿಗಿ ಬಿತ್ತು.

ಚಿಂಚೋಳಿ ಬಸ್ ಬಂತು. ನೋಡ್ತೀನಿ, ನನ್ನ ದಸ್ತಿ ಮನ್ಯಾಗೇ ಉಳದದ! ಮಾವನವರ ಜುಬ್ಬಾದ ಕಿಸೆಯಿಂದ ಬಿಳಿ ದಸ್ತಿ ತುದಿ ಕಾಣಲಿಕತ್ತಿತ್ತು. ಕೇಳ್ಕೋಂತ ಕೂಡೋ ಹೊತ್ತು ಅದೇನು? ಜಗ್ಗಿದೆ. ಒಳಗ ಏನೋ ಗಟ್ಟಿಯಾಗಿ ಹತ್ತಿತು. ಅಡಿಕಿ ಕಟ್ಕೊಂಡಿರಬೇಕು, ಭಾರ ಇದ್ರ ಛಲೋ ಹಾರತದ ಅಂದ್ಕೊಂಡೆ. ಹಲ್ಲಿಲ್ಲದವರಿಗಿ ಅಡಿಕಿ ಯಾಕ ಅನ್ನೋ ವಿಚಾರ ನನ್ನ ತಲಿಗಿ ಹೊಳೀಲೇ ಇಲ್ಲ. ಮಾವನವರು “ಏ ಏ ಏ!” ಅಂತ ಕೈ ಬೀಸಿದ್ರು. ದಸ್ತಿ ಹೊಲಸಾಗತದ ಅಂತ ಒದರಲಿಕತ್ತಾರ ಅಂತ ತಿಳದು ಒಗದೇ ಬಿಟ್ಟೆ. ಎರಡನೇ ಖಿಡಕಿ, ನೆಟ್ಟಗ ಸೀಟಿನ ಮ್ಯಾಲೇ ಬಿತ್ತು.

ನೂಕ್ಯಾಡಿ ಒಳಗ ಹೋದ್ರ ಆ ಸೀಟಿನಾಗ ಬುರ್ಖಾ ತೊಟ್ಟ ಒಬ್ಬ ದಪ್ಪನ್ನ ಹೆಣ್ಣುಮಗಳು ಕುಂತುಬಿಟ್ಟಾಳ. ನನಗ ಸಿಟ್ಟು ಮೂಗಿನ ತುದಿಮ್ಯಾಗೇ ಇರತದ.

“ಏನ್ರೀ, ದಸ್ತಿ ಹಾಕಿದ್ದು ಕಾಣಲಿಲ್ಲೇನು? ಏಳ್ರಿ.”

“ಎಲ್ಲದರಿ ದಸ್ತಿ? ಇದ್ರ ತೋರಿಸ್ರಿ,” ಅಂದಳು ಆಕಿ.

“ನೀವು ಎದ್ರ ಕಾಣತದ!”

ಬಸ್ಸೆಲ್ಲ ನಮ್ಮ ಕಡಿ ನೋಡಲಿಕತ್ತಿತು. ಮಾವನವರು ಹಿಂದಿಂದ ನನ್ನ ಸೆರಗು ಜಗ್ಗಿದ್ರು. ನಾ ಕೊಡವಿದೆ. ಆಕಿ ಎದ್ದಳು, ಕೆಳಗಿನ ದಸ್ತಿ ತೊಗೊಂಡು ಎಲ್ಲಾರ ಮುಂದ ಬಿಚ್ಚಿದಳು. ಒಳಗ ಹೊಸಾ ಹಲ್ಲಿನ ಸೆಟ್, ನಟ್ಟನಡುವ ಮುರದು ಎರಡು ತುಂಡು.

“ಯಾ ಅಲ್ಲಾ!” ಅಂತ ಆಕಿ ಬಾಯಿಮ್ಯಾಲ ಕೈ ಇಟ್ಕೊಂಡಳು. ಹಿಂದಿನ ಸೀಟಿನಿಂದ ಯಾರೋ “ಹಲ್ಲು ಕಚ್ಚಿ ಸೀಟ್ ಹಿಡದಾರ ನೋಡ್ರೆಪಾ!” ಅಂದ. ಇಡೀ ಬಸ್ಸು ಹೊಟ್ಟಿ ಹಿಡ್ಕೊಂಡು ನಕ್ಕಿತು, ಕಂಡಕ್ಟರನೂ ಬಿಡಲಿಲ್ಲ. ಮನಿಯಿಂದ ಬಸ್‌ಸ್ಟ್ಯಾಂಡಿಗಿ ಬಂದ ಆಟೋದ ಕುಲುಕಾಟಕ್ಕ ವಸಡು ನೋಯಲಿಕತ್ತಿತ್ತಂತ, ಮಾವನವರು ಸಾಲಿ ಮುಟ್ಟಿದಮ್ಯಾಲ ಹಾಕ್ಕೊಂಡ್ರಾತು ಅಂತ ಸೆಟ್ ತಗದು ದಸ್ತ್ಯಾಗ ಕಟ್ಟಿಟ್ಟಿದ್ರು. ನನಗ ಭೂಮಿ ಬಾಯಿ ಬಿಟ್ರ ಸಾಕು ಅನಿಸಿತು. ಆ ಹೆಣ್ಣುಮಗಳು, ನಾ ಅಷ್ಟು ಬೈದಾಕಿ, “ಬರ್ರಿ ಸಾಹೇಬರ, ಕುಂದ್ರಿ. ಮಾಫ್ ಮಾಡ್ರಿ, ನನಗ ಕಾಣಲಿಲ್ಲ,” ಅಂತ ಮಾವನವರನ್ನ ಕೂಡಿಸಿ ಚಿಂಚೋಳಿ ತನಾ ನನ್ನ ಬಾಜೂಕ್ಕೇ ನಿಂತು ಬಂದಳು. ಮಾಫಿ ಕೇಳಬೇಕಾದಾಕಿ ನಾನು. ಕೇಳಿದೆ ಕೂಡ, ಆದ್ರ ಆಕಿ ಇಳಿಯೋ ಹೊತ್ತಿಗಿ.

ಚಿಂಚೋಳ್ಯಾಗ ಇಳದಮ್ಯಾಲ ಮಾವನವರು ಬಾಯಿಗಿ ಕೈ ಅಡ್ಡ ಹಿಡದು, “ಹಿಂದಕ ಹೋಗೋಣ ನಡಿಯವ್ವಾ,” ಅಂದ್ರು.

“ಏನ್ ಮಾತಾಡ್ತೀರಿ? ಮಂದಿ ಹಾರ ಹಿಡ್ಕೊಂಡು ಕಾಯಲಿಕತ್ತಾರ. ನೀವು ಸುಮ್ಮ ಕುಂದ್ರಿ, ಭಾಷಣ ನಾ ಓದ್ತೀನಿ,” ಅಂದೆ. ತಪ್ಪು ಮಾಡಿದಾಕಿ ನಾನೇ, ದಬಾಯಿಸಿದಾಕಿನೂ ನಾನೇ. ಅವರು ನಾಕು ಹಾಳಿ ನನ್ನ ಕೈಯಾಗ ಇಟ್ರು. ಮುಖ ಸಪ್ಪಗಿತ್ತು. ನನಗ ಭಾಳ ಕೆಡಕ ಅನಿಸಿತು.

ಇನ್ನೊಂದು ಬಸ್ ಹಿಡದು ಚಿಮ್ಮನಚೋಡ ಮುಟ್ಟಿದ್ವಿ. ಸಾಲ್ಯಾಗ ಹಾರ, ಶಾಲು, ಫೋಟೋ ಎಲ್ಲಾ ಆತು. ಮಾವನವರು ದಸ್ತಿ ಬಾಯಿಗಿ ಒತ್ತಿಕೊಂಡು ಕುಂತಿದ್ರು. “ಸರ್ ಅವರ ಗಂಟಲು ಸರಿ ಇಲ್ಲ,” ಅಂತ ಸುಳ್ಳು ಹೇಳಿ ಓದಲಿಕ್ಕ ನಿಂತೆ. ಮೂರು ಹಾಳಿ ಸರಾಗ ಓದಿದೆ. ನಾಕನೇದರ ನಡುವ ನನ್ನ ನಾಲಗಿ ತಡೀತು. ಅಲ್ಲಿ ನನ್ನ ಬಗ್ಗೆ ಬರದಿದ್ರು! ನಾ ಆ ಮನಿಗಿ ಬಂದು ಹತ್ತೊಂಬತ್ತು ವರ್ಷ. ಒಂದು ದಿವಸ ‘ಅಡಗಿ ಛಲೋ ಆಗ್ಯಾದ’ ಅಂದ ಮನಿಷಾ ಅಲ್ಲ. ಅದನ್ನ ನನ್ನ ಬಾಯಿಲೆ ನಾನೇ ಹೆಂಗ ಓದಲಿ? ಆ ಸಾಲು ಹಾರಿಸಿ, ಎಲ್ಲಾರಿಗಿ ನಮಸ್ಕಾರ ಅಂತ ಮುಗಿಸಿಬಿಟ್ಟೆ. ಚಪ್ಪಾಳಿ ಬಿದ್ವು.

ಮಾವನವರು ಕುರ್ಚಿ ಸರಿಸಿ ಎದ್ರು. ನನ್ನ ಕೈಯಾಗಿನ ಮೈಕ್ ಕಸಗೊಂಡ್ರು. ದಸ್ತಿ ತಗದು ಟೇಬಲ್ ಮ್ಯಾಲ ಇಟ್ರು.

“ಈಕಿ ಒಂದು ಮಾತು ನುಂಗ್ಯಾಳ,” ಅಂದ್ರು. ಮಾತಿಗೊಮ್ಮಿ ಗಾಳಿ ಸೋರಲಿಕತ್ತಿತ್ತು, ಬೋಳು ಬಾಯಿ ಎಲ್ಲಾರಿಗಿ ಕಾಣಲಿಕತ್ತಿತ್ತು. ಮುಂದ ಕುಂತ ಸಣ್ಣ ಹುಡುಗುರು ಕಿಸಕ್ಕನ ನಕ್ಕರು. ಅವರು ನಿಲ್ಲಲಿಲ್ಲ.

“ನಿಮ್ಮನ್ನ ನಾ ಹೆದರಿಸಿ ಕಲಿಸಿದೆ. ನೀವು ಹೆದರಿದ್ದನ್ನೇ ಮರ್ಯಾದಿ ಅಂತ ತಿಳಕೊಂಡೆ. ಆಮ್ಯಾಲ ಈ ಸೊಸಿ ಬಂದಳು. ಈಕಿಗಿ ನನ್ನ ಹೆದರಿಕಿ ಇಲ್ಲ, ನನ್ನ ತಪ್ಪು ನನ್ನ ಮುಖಕ್ಕೇ ಹೇಳ್ತಾಳ. ನಿಮಗೂ ಹಂಗ ಹೇಳಗೊಟ್ಟಿದ್ರ ನಾ ಇನ್ನೂ ಛಲೋ ಮಾಸ್ತರ ಆಗ್ತಿದ್ದೆ.”

ನಾ ಆ ನಾಕನೇ ಹಾಳಿ ಮುಖಕ್ಕ ಅಡ್ಡ ಹಿಡದು ನಿಂತಿದ್ದೆ.