ಈಶಾನ್ಯದ ಬಾವಿ

ಹಳಿಯಾಳದಲ್ಲಿ ನಾನು ಮನೆ ಕೊಂಡದ್ದು ಎರಡನೆಯ ಮಹಾಯುದ್ಧ ಶುರುವಾಗುವ ಮೊದಲೋ ಆಮೇಲೋ, ಈಗ ಆಣೆಯಿಟ್ಟು ಹೇಳಲಾರೆ. ಕೊಂಡ ಕಾರಣ ಮಾತ್ರ ನೆನಪಿದೆ. ಚಿಗಳ್ಳಿಯಲ್ಲಿ ಅಣ್ಣನ ಜೊತೆಗಿದ್ದ ಅವ್ವ, ನಸುಕಿನಲ್ಲಿ ತಂಬಿಗೆ ಹಿಡಿದು ಹೊಲಕ್ಕೆ ಹೋದಾಗ ಬದುವಿನ ಮೇಲೆ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದಳು. ಅವಳಿಗೆ ಹಿತ್ತಲಲ್ಲೇ ಪಾಯಿಖಾನೆ ಇರುವ ಮನೆ ಬೇಕಾಗಿತ್ತು.

ಅಂಥದೊಂದು ಮಾರಾಟಕ್ಕಿತ್ತು. ಅದರ ಯಜಮಾನರು ಕಟ್ಟಿಗೆ ವ್ಯಾಪಾರದ ಸಾಹೇಬರು. ಮುಂಬಯಿಯಲ್ಲಿ ನೋಡಿ ಬಂದು ಸೆಪ್ಟಿಕ್ ಟಾಕಿ ಕಟ್ಟಿಸಿದ್ದರು: ನೆಲದೊಳಗೆ ಇಟ್ಟಿಗೆಯ ತೊಟ್ಟಿ, ಮೇಲೆ ಕಲ್ಲು ಚಪ್ಪಡಿ. ಮನೆ ನೋಡಲು ನನ್ನ ಸೋದರಮಾವನೂ ಬಂದ. ನಮ್ಮಲ್ಲಿ ಮನೆ ನೋಡುವುದೆಂದರೆ ದಿಕ್ಕು ನೋಡುವುದು. ಬಾವಿ ಈಶಾನ್ಯದಲ್ಲಿತ್ತು, ನೆಲವೂ ಈಶಾನ್ಯಕ್ಕೇ ಇಳಿಜಾರು, ಪಾಯಿಖಾನೆ ನೈಋತ್ಯದ ಎತ್ತರದಲ್ಲಿ. ಶಾಸ್ತ್ರಕ್ಕೆ ತಕ್ಕ ಮನೆಯೆಂದು ಮಾವ ಮೀಸೆ ಸವರಿಕೊಂಡ.

ಸಾಹೇಬರು ಚಹಾ ತರಿಸಿದರು. ಚಪ್ಪಡಿ ಎತ್ತಿಸಿ ನೋಡಬೇಕು, ಟಾಕಿಯನ್ನು ಕೊನೆಗೆ ಯಾವಾಗ ಬಳಿದು ಖಾಲಿ ಮಾಡಿಸಿದ್ದೀರಿ ಎಂದು ಕೇಳಬೇಕು ಎಂದು ನನಗೆ ಆಗ ಅನ್ನಿಸಿತ್ತು. ಅಥವಾ ಅನ್ನಿಸಿತ್ತೆಂದು ಈಗ ಅನ್ನಿಸುತ್ತಿದೆ. ಒಬ್ಬರ ಮನೆಯ ಚಹಾ ಕುಡಿಯುತ್ತ ಅವರ ಪಾಯಿಖಾನೆಯ ಮಾತೆತ್ತುವುದು ನಮ್ಮ ಕಡೆ ಮರ್ಯಾದೆಯಲ್ಲ. ಬಾವಿಗೆ ಬೇಸಿಗೆಯಲ್ಲೂ ನೀರಿರುತ್ತದೆಯೇ ಎಂದಷ್ಟೇ ಕೇಳಿದೆ. ಹಿಂತಿರುಗುವ ದಾರಿಯುದ್ದಕ್ಕೂ ಮಾವನಿಗೆ, ದಿಕ್ಕು ಸುಳ್ಳು, ಸೂಕ್ಷ್ಮಜೀವಿ ನಿಜ ಎಂದು ಉಪನ್ಯಾಸ ಕೊಟ್ಟೆ. ಧಾರವಾಡದಲ್ಲಿ ವಿಜ್ಞಾನ ಓದಿ ಹೈಸ್ಕೂಲು ಮಾಸ್ತರನಾದವನಿಗೆ ಅಷ್ಟಾದರೂ ಹಕ್ಕು ಇರಬೇಡವೇ?

ಮನೆ ಕೊಂಡೆ, ಅವ್ವ ಬಂದಳು. ಕೋಲೂರಿಕೊಂಡು ಹಿತ್ತಲು ಸುತ್ತಿದಳು.

“ಆ ಟಾಕಿ ತುಂಬಿದ ಮ್ಯಾಲೆ ನೀರು ಎಲ್ಲಿ ಹೋಗ್ತೈತಿ ಯಪ್ಪಾ?”

ಕಣ್ಣಿಗೆ ಕಾಣದ ಜೀವಿಗಳು ಹೊಲಸನ್ನೆಲ್ಲ ತಿಂದುಹಾಕುತ್ತವೆ ಎಂದು ವಿವರಿಸಿದೆ.

“ಹೊಲಸು ತಿಂತಾವ, ಖರೆ. ನೀರನ್ನೂ ಅವ ಕುಡೀತಾವೇನು?”

ನಾನು ಕಾಲೇಜಿನ ಪುಸ್ತಕ ತೆಗೆದು ಹಾಳೆ ತಿರುವತೊಡಗಿದೆ. ಆ ನೀರಿನ ದಾರಿ ತಿಳಿಯುವತನಕ ಈ ಬಾವಿಯ ನೀರು ಮುಟ್ಟುವುದಿಲ್ಲ, ತಿಳಿಯದಿದ್ದರೆ ಅಣ್ಣನಿಗೆ ಹೇಳಿ ಕಳಿಸು, ಎತ್ತಿನ ಚಕ್ಕಡಿ ತರಲಿ ಎಂದಳು. ಚಕ್ಕಡಿ ಎಂದರೆ ಚಿಗಳ್ಳಿ, ಮತ್ತೆ ಅದೇ ಬದು, ಅದೇ ತಂಬಿಗೆ.

ಸಾಹೇಬರ ಕಟ್ಟಿಗೆ ಅಡ್ಡೆಗೆ ಓಡಿದೆ. ಟಾಕಿಯಿಂದ ಹೊರಬರುವ ನೀರು ಕೊಳವೆಯಲ್ಲಿ ಇಳಿದು ಕಲ್ಲು ತುಂಬಿದ ಇಂಗುಗುಂಡಿ ಸೇರುತ್ತದೆ ಎಂದರು. ಗುಂಡಿ ಎಲ್ಲಿ ಎಂದೆ. ಬಾವಿಗಿಂತ ಸ್ವಲ್ಪ ಮೇಲೆ, ಇಳಿಜಾರಿನಲ್ಲೇ ಎಂದರು. ಅವರ ಮನೆಯವರು ಬಾವಿಯ ನೀರನ್ನು ಬಟ್ಟೆಗೆ, ಗಿಡಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬಳಸಿರಲಿಲ್ಲವಂತೆ. ಕುಡಿಯುವುದಕ್ಕೆ ಓಣಿಯ ಬಾವಿಯಿಂದಲೇ ತರುತ್ತಿದ್ದರಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ದನಿ ಏರಿಸಿದೆ.

“ನೀರೈತೇನು ಅಂತ ಕೇಳಿದ್ರಿ ಮಾಸ್ತರ, ಐತಿ ಅಂದೆ. ಕುಡೀತೀರೇನು ಅಂತ ಕೇಳಿದ್ರ ಇಲ್ಲ ಅಂತಿದ್ದೆ.”

ಮಾವನ ದಿಕ್ಕೂ ಸರಿಯಿತ್ತು, ನನ್ನ ಸೂಕ್ಷ್ಮಜೀವಿಯೂ ಸರಿಯಿತ್ತು. ನೀರಿಗೆ ನಮ್ಮಿಬ್ಬರ ಮಾತೂ ಬೇಕಿರಲಿಲ್ಲ, ಗುಂಡಿಯಿಂದ ಬಾವಿಗೆ ಜಿನುಗಲು ಇಳಿಜಾರು ಸಾಕಾಗಿತ್ತು. ಗುಂಡಿಯನ್ನು ಬೇರೆ ಕಡೆ ತೋಡಿಸೋಣವೆಂದರೆ, ಬಾವಿಯ ಆಚೆಗಿನ ತಗ್ಗು ಪಕ್ಕದ ಮನೆಯವರದು.

ಎಲ್ಲವನ್ನೂ ಅವ್ವನಿಗೆ ಹೇಳಿದೆ. ಅವಳು ಕೋಲೂರಿಕೊಂಡು ಹಿತ್ತಲಿಗೆ ಹೋಗಿ ಬಂದಳು. ಕೊನೆಗೆ, ಪಾಯಿಖಾನೆಯೇನೋ ಹಿತ ಐತಿ, ಓಣಿಯ ಬಾವಿ ನೀರು ತಂದರೆ ಇರುತ್ತೇನೆ ಎಂದಳು. ನನ್ನ ಹೆಂಡತಿ ಕೊಡಕ್ಕೆ ಕೈ ಹಾಕಿದಳು.

“ಸೊಸಿ ಹೊರೂದು ಬ್ಯಾಡ,” ಎಂದಳು ಅವ್ವ. “ಮನಿ ನೋಡಿದಾಂವ ಹೊರಲಿ.”

ಮರುದಿನ ಹೆಗಲ ಮೇಲೆ ಕೊಡ ಹೊತ್ತು ಹೊರಟೆ. ಬಾವಿಕಟ್ಟೆಯ ಹೆಂಗಸರು ದಾರಿ ಬಿಟ್ಟು ನಿಂತರು. ನೀರು ಸೇದುವುದನ್ನೂ ಕಾಲೇಜಿನಲ್ಲೇ ಕಲಿಸಿದರೇ ಎಂದು ಒಬ್ಬಾಕೆ ಸೆರಗಿನ ಮರೆಯಿಂದ ವಿಚಾರಿಸಿದಳು. ಅಲ್ಲಿ ರಾಟೆಯನ್ನೂ ಹಗ್ಗವನ್ನೂ ಕಪ್ಪುಹಲಗೆಯ ಮೇಲೆ ಮಾತ್ರ ತೋರಿಸಿದ್ದರು.

ಅವ್ವ ಬದುಕಿರುವವರೆಗೂ ನಾನೇ ನೀರು ಹೊತ್ತೆನೆಂದು ನನ್ನ ನೆನಪು. ನಾನು ಅರ್ಧ ಕೊಡ ದಾರಿಗೇ ಚೆಲ್ಲುತ್ತಿದ್ದೆ, ಅತ್ತೆ ಮಲಗಿದಾಗ ಉಳಿದದ್ದನ್ನು ತಾನು ತರುತ್ತಿದ್ದೆ ಎಂಬುದು ಹೆಂಡತಿಯ ನೆನಪು. ಎರಡರಲ್ಲಿ ನನ್ನದನ್ನೇ ನಾನು ಹೆಚ್ಚು ಅನುಮಾನಿಸುತ್ತೇನೆ. ಅವ್ವ ಮಾತ್ರ ಚಿಗಳ್ಳಿಗೆ ಹಿಂತಿರುಗಲಿಲ್ಲ.