ಗೆರೆ ಎಳೆಯುತ್ತಿದ್ದ ಬೋರಮಾವ

ಬೋರಮಾವ ಯಾರ ಮನೆಗೆ ಹೋದರೂ ಬಂದ ತಕ್ಷಣ ಕೂರುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಹೊಸಿಲು ದಾಟಿ, ನಡುಮನೆಯ ಮಧ್ಯಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು ಸೂರಿನಿಂದ ನೆಲದವರೆಗೆ ಕಣ್ಣಾಡಿಸುತ್ತಿದ್ದ. ಮನೆಯವರು ಚೊಂಬು ಹಿಡಿದು ಕಾಯುತ್ತಿದ್ದರೂ ಅವನ ತನಿಖೆ ಮುಗಿಯುವ ತನಕ ಕೈ ಚಾಚುತ್ತಿರಲಿಲ್ಲ. ಈ ಮನೆಗೆ ಅಡ್ಡಗೋಡೆ ಹಾಕುವುದಾದರೆ ಎಲ್ಲಿ ಹಾಕಬೇಕು ಅಂತ ಅವನು ನೋಡುತ್ತಿದ್ದ. ನನ್ನ ಮದುವೆಯಾದ ಹೊಸದರಲ್ಲಿ ನಮ್ಮ ಬಾಡಿಗೆ ಮನೆಗೆ ಬಂದವನು, ಹೊಸ ಸೊಸೆ ಎದುರಿಗೆ ನಿಂತಿರುವಾಗಲೇ, "ಅಡಿಗೆಮನೆ ಒಂದೇ ಐತೆ. ಇರ್ಲಿ, ಹಿತ್ಲಾಗೆ ಇನ್ನೊಂದು ಒಲೆ ಇಕ್ಕಬೋದು ಬುಡು" ಅಂದುಬಿಟ್ಟ. ಅವ್ವ ಅವತ್ತು ಅವನನ್ನು ಚೆನ್ನಾಗಿ ಬೈದಳು. ನನ್ನ ಹೆಂಡತಿಗೆ ಮಾತ್ರ ಆ ಮನೆಗೆ ಬಂದ ಮೇಲೆ ಕೇಳಿದ ಮೊದಲ ಸಮಾಧಾನದ ಮಾತು ಅದೇ ಆಗಿತ್ತಂತೆ.

ಮಾವ ಅಂದರೆ ಅವ್ವನ ಒಡಹುಟ್ಟಿದ ಅಣ್ಣ. ಕೂಟಗಲ್ ಹತ್ತಿರದ ಹಳ್ಳಿಯಲ್ಲಿ ಅವನಿಗೆ ಒಂದಿಷ್ಟು ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ ತೋಟ ಇತ್ತು. ಆದರೆ ಆ ಕೆಲಸವನ್ನೆಲ್ಲ ಅತ್ತೆ ಮಾಡುತ್ತಿದ್ದಳು. ಅವನ ಕಸುಬು ಬೇರೆ. ಸುತ್ತಿನ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಭಾಗವಾಗಬೇಕಾದರೆ ಇವನನ್ನು ಕರೆಸುತ್ತಿದ್ದರು. ಇವನು ಹೋಗಿ ಒಂದು ಹೊತ್ತು ಸುಮ್ಮನೆ ಕೂತು, ಎರಡೂ ಕಡೆಯವರ ಬೈಗುಳ ಕೇಳಿಸಿಕೊಂಡು, ಎಲೆಅಡಿಕೆ ಮುಗಿದ ಮೇಲೆ ಎದ್ದು ಮಣ್ಣಿನ ನೆಲದ ಮೇಲೆ ಹಿಮ್ಮಡಿಯಿಂದ ಒಂದು ಗೆರೆ ಎಳೆಯುತ್ತಿದ್ದ. ಅಷ್ಟೇ. ಗೆರೆಯ ಆಚೆ ಅಣ್ಣ, ಈಚೆ ತಮ್ಮ, ಮಾರನೆಯ ದಿನ ಇಟ್ಟಿಗೆ. ಹಾಗಾಗಿ ಅವನನ್ನು ಊರಲ್ಲೆಲ್ಲ ಗೆರೆ ಬೋರಣ್ಣ ಅನ್ನುತ್ತಿದ್ದರು. ಮದುವೆಗೆ ಬಂದರೆ ಗಂಡಿನ ಅಣ್ಣತಮ್ಮಂದಿರು ಅವನ ಪಕ್ಕದ ಎಲೆಗೆ ಕೂರುತ್ತಿರಲಿಲ್ಲ.

ಹಾಗಂತ ಅವನೇನು ನ್ಯಾಯದೇವತೆ ಅಲ್ಲ. ಅವನು ಮಾಡಿದ ಎಡವಟ್ಟುಗಳಿಗೂ ಲೆಕ್ಕವಿಲ್ಲ. ಒಂದು ಕಡೆ ಅವನ ಗೆರೆ ನೇರವಾಗಿ ಹೋಗಿ ಹಿತ್ತಲ ತೆಂಗಿನಮರಕ್ಕೆ ಗುದ್ದಿತು. ಮರಕ್ಕೋಸ್ಕರ ಗೆರೆ ಬಗ್ಗಿಸುವುದು ಅವನ ಜಾಯಮಾನದಲ್ಲಿರಲಿಲ್ಲ. ಅಣ್ಣನ ಕಡೆ ಬಿದ್ದ ಕಾಯಿ ಅಣ್ಣನಿಗೆ, ತಮ್ಮನ ಕಡೆ ಬಿದ್ದದ್ದು ತಮ್ಮನಿಗೆ ಅಂತ ತೀರ್ಮಾನ ಹೇಳಿ ಊಟ ಮಾಡಿ ಬಂದುಬಿಟ್ಟ. ಆಮೇಲೆ ಗಾಳಿ ಎದ್ದ ದಿನ ಆ ಮನೆಯ ಗಂಡಸರು ಯಾರೂ ಹೊಲಕ್ಕೆ ಹೋಗುತ್ತಿರಲಿಲ್ಲವಂತೆ, ಎಲ್ಲರೂ ಹಿತ್ತಲಲ್ಲಿ ಕತ್ತೆತ್ತಿ ನಿಂತಿರುತ್ತಿದ್ದರಂತೆ. ಈ ಕಥೆ ಹೇಳಿ ನಾವು ನಕ್ಕರೆ, ಮಾವ ನಮಗಿಂತ ಜೋರಾಗಿ ನಗುತ್ತಿದ್ದ.

ಇಂಥವನನ್ನು ನಾವು, ಅಂದರೆ ನಾನು ಮತ್ತು ನನ್ನ ತಮ್ಮ ಮಂಜ, ಮನೆ ಕೊಳ್ಳುವುದಕ್ಕೆ ಕರೆದುಕೊಂಡು ಹೋದೆವು. ಕರೆಸಿದವಳು ಅವ್ವ.

ನಾನು ರಾಮನಗರದ ಕಾಲೇಜೊಂದರಲ್ಲಿ ಗುಮಾಸ್ತ. ಮಂಜನದು ಚನ್ನಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ. ಅಪ್ಪ ಹೋದ ಮೇಲೆ ಅವ್ವ, ನಾವಿಬ್ಬರು, ಹೆಂಡಿರು, ಮಕ್ಕಳು ಎಲ್ಲ ರಾಮನಗರದ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ನೆಂಟರು ನಮ್ಮನ್ನು ರಾಮಲಕ್ಷ್ಮಣ ಅನ್ನುತ್ತಿದ್ದರು. ಯಾರ ಮನೆಯಲ್ಲಿ ಅಣ್ಣತಮ್ಮಂದಿರು ಕಿತ್ತಾಡಿದರೂ ನಮ್ಮ ಉದಾಹರಣೆ ಕೊಡುತ್ತಿದ್ದರು. ರಾಮಲಕ್ಷ್ಮಣರು ಕಾಡಿನಲ್ಲಿದ್ದರು, ಬೆಳಿಗ್ಗೆ ಹೊತ್ತು ಒಂದೇ ಬಾತ್‌ರೂಮಿನ ಮುಂದೆ ಟವಲ್ಲು ಹೆಗಲಿಗೆ ಹಾಕಿಕೊಂಡು ಕಾಯುತ್ತಿರಲಿಲ್ಲ ಅನ್ನುವುದು ಈ ನೆಂಟರಿಗೆ ಹೊಳೆಯಲಿಲ್ಲ. ನಾವೂ ಬಿಡಿಸಿ ಹೇಳಲಿಲ್ಲ. ಹೊಗಳಿಕೆ ಯಾರಿಗೆ ಬೇಡ.

ಸ್ವಂತ ಮನೆ ಅಂತ ಮಾತು ಬಂದಾಗಲೂ ಅಕ್ಕಪಕ್ಕದಲ್ಲೇ ಇರಬೇಕು ಅನ್ನುವುದು ಗಟ್ಟಿಯಾಗಿತ್ತು. ರಾಮನಗರದಲ್ಲಿ ಒಂದು ಅಪಾರ್ಟ್‌ಮೆಂಟು ಏಳುತ್ತಿತ್ತು, ನಾಲ್ಕನೇ ಮಹಡಿಯಲ್ಲಿ ಎದುರುಬದುರು ಎರಡು ಫ್ಲ್ಯಾಟು ಸಿಗುತ್ತಿದ್ದವು. ಚನ್ನಪಟ್ಟಣದ ಹೊರಗೆ ಸಾಲುಮನೆಗಳ ಒಂದು ಬಡಾವಣೆ ಆಗುತ್ತಿತ್ತು, ರೋ ಹೌಸ್ ಅನ್ನುತ್ತಾರಲ್ಲ ಅದು, ಅಲ್ಲಿ ಒಂದೇ ಗೋಡೆಯ ಆಚೀಚೆ ಎರಡು ಮನೆ ಇದ್ದವು. ನನಗೆ ಫ್ಲ್ಯಾಟು ಬೇಕಿತ್ತು. ಲಿಫ್ಟು, ಸೆಕ್ಯೂರಿಟಿ, ನೀರು ಬರದಿದ್ದರೆ ಬೈಯುವುದಕ್ಕೆ ಒಂದು ಸಂಘ. ಮಂಜನಿಗೆ ಸಾಲುಮನೆ ಬೇಕಿತ್ತು. ನೆಲದ ಮೇಲೆ ಸ್ವಂತ ಬಾಗಿಲು, ನಾಯಿ ಕಟ್ಟುವುದಕ್ಕೆ ಜಾಗ, ಯಾವ ಸಂಘದವನೂ ಬಂದು ಮೆಂಟೆನೆನ್ಸ್ ಕೇಳಬಾರದು. ಇಬ್ಬರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. "ನಿನ್ನಿಷ್ಟ ಕಣಣ್ಣ" ಅಂತ ಅವನು, "ನಿನಗೆ ಹೆಂಗೆ ಅನುಕೂಲವೋ ಹಂಗೆ" ಅಂತ ನಾನು. ಮಳೆಗಾಲ ಮುಗಿದು ಚಳಿ ಶುರುವಾದರೂ ಈ ಮರ್ಯಾದೆ ಮುಗಿಯಲಿಲ್ಲ. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ಅದೇ ಅವ್ವನಿಗೆ ಭಯ ಹುಟ್ಟಿಸಿತು. ಅಣ್ಣನಿಗೆ ಫೋನ್ ಮಾಡಿದಳು.

ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಮೊದಲು ಫ್ಲ್ಯಾಟಿಗೆ ಹೋದೆವು. ಟೈ ಕಟ್ಟಿಕೊಂಡಿದ್ದ ಸೇಲ್ಸ್ ಹುಡುಗ ಈಜುಕೊಳ ಬರುವ ಜಾಗ, ಜಿಮ್ಮು ಬರುವ ಜಾಗ ಎಲ್ಲ ತೋರಿಸಿದ. ಮಾವ ತಾಳ್ಮೆಯಿಂದ ಕೇಳಿ, ಬಾಲ್ಕನಿಯಿಂದ ಕೆಳಗೆ ಇಣುಕಿ, ಅಲ್ಲಿ ನಮ್ಮ ಹುಡುಗನ ನೆಲ ಯಾವುದು, ಎಲ್ಲೆಗೆ ಕಲ್ಲು ನೆಡಬೇಕು ಅಂದ. ಹುಡುಗ ನಗುತ್ತಾ, ಹಾಗೆ ಬೇರೆ ಬೇರೆ ಇರುವುದಿಲ್ಲ ಸರ್, ಇಡೀ ಜಾಗದಲ್ಲಿ ಎಲ್ಲರಿಗೂ ಅವಿಭಜಿತ ಪಾಲು ಇರುತ್ತೆ ಅಂದ.

"ಎಲ್ಲಾರ್ದೂ ಎಲ್ಲಾ ಕಡೆ ಐತೆ ಅಂದ್ರೆ, ಯಾರ್ದೂ ಎಲ್ಲೂ ಇಲ್ಲ ಅಂತ ಕಣಪ್ಪ" ಅಂದ ಮಾವ. ಆಮೇಲೆ ನಮ್ಮ ಕಡೆ ತಿರುಗಿ, "ಇದು ಭಾಗ ಆಗ್ದೇ ಇರೋ ಮನೆ ಕಣ್ರಲಾ. ನಮ್ಮ ತಾತನ ಕಾಲದ ಒಟ್ಟು ಕುಟುಂಬಾನ ಒಂದ್ರ ಮ್ಯಾಲೊಂದು ಜೋಡ್ಸವ್ರೆ. ನೀರಿಗೆ ಜಗಳ, ಮೆಟ್ಲು ಗುಡ್ಸಕ್ಕೆ ಜಗಳ, ಯಜಮಾನ ಯಾರು ಅಂತ ಜಗಳ. ಸ್ನಾನದ ಗುಂಡಿ ಬ್ಯಾರೆ ತೋಡವ್ರೆ, ಎಲ್ರೂ ಒಟ್ಟಿಗೆ ಮುಳುಗಕ್ಕೆ" ಅಂದ. ಸೇಲ್ಸ್ ಹುಡುಗ ಟೈ ಸಡಿಲಿಸಿಕೊಂಡ. ನನಗೆ ಮುಖ ಸಿಂಡರಿಸುವಂತಾಯಿತು. ಮಂಜ ಒಳಗೊಳಗೇ ಖುಷಿಪಡುತ್ತಿದ್ದದ್ದು ಅವನ ಕಿವಿಯ ಬಣ್ಣದಲ್ಲೇ ಗೊತ್ತಾಗುತ್ತಿತ್ತು.

ಅವನ ಖುಷಿ ಚನ್ನಪಟ್ಟಣದ ತನಕ ಉಳಿಯಿತು. ಅಲ್ಲಿ ಮಾವ ನೇರವಾಗಿ ಎರಡು ಮನೆಗಳ ನಡುವಿನ ಗೋಡೆಯ ಹತ್ತಿರ ಹೋಗಿ ಗೆಣ್ಣಿನಿಂದ ಕುಟ್ಟಿದ. ಮಂಜನನ್ನು ಆ ಕಡೆಯ ಮನೆಗೆ ಕಳಿಸಿ ಕೆಮ್ಮು ಅಂದ. ಮಂಜ ಕೆಮ್ಮಿದ್ದು ಈಚೆಗೆ ಸ್ಪಷ್ಟವಾಗಿ ಕೇಳಿಸಿತು. ಮಾವ ಗೋಡೆಗೆ ಬೆನ್ನು ಕೊಟ್ಟು ನಗುವುದಕ್ಕೆ ಶುರುಮಾಡಿದ. ತಾನು ಜೀವಮಾನವೆಲ್ಲ ಬೈಸಿಕೊಂಡು, ಊಟ ಬಿಟ್ಟು, ನಡುಮನೆಗಳ ಮಧ್ಯೆ ಎತ್ತಿಸಿದ ಗೋಡೆಯನ್ನು ಇವರು ಮೊದಲೇ ಎತ್ತಿಟ್ಟು ಮಾರುತ್ತಿದ್ದಾರೆ, ಜಗಳವೇ ಇಲ್ಲದೆ ಭಾಗ ಮಾಡಿ ಬಣ್ಣ ಹೊಡೆದಿದ್ದಾರೆ ಅನ್ನುವುದು ಅವನಿಗೆ ತಮಾಷೆಯಾಗಿಯೂ ಸ್ವಲ್ಪ ಅವಮಾನವಾಗಿಯೂ ಕಂಡಿತು. ಗೋಡೆಯ ಆಚೆ ಸೊಸೆ ಒಗ್ಗರಣೆ ಹಾಕಿದರೆ ಈಚೆ ವಾರಗಿತ್ತಿ ಸೀನುತ್ತಾಳೆ ಅಂತ ಹೇಳಿ ಹೊರಗೆ ಬಂದ. ಈಗ ಮುಖ ಸಿಂಡರಿಸುವ ಸರದಿ ಮಂಜನದು.

ವಾಪಸ್ಸು ಬರುವಾಗ ರಸ್ತೆಬದಿಯ ಅಂಗಡಿಯಲ್ಲಿ ಟೀ ಕುಡಿಯಲು ನಿಂತೆವು. ನನಗೆ ರೇಗಿಹೋಗಿತ್ತು. ಅದೂ ಚೆನ್ನಾಗಿಲ್ಲ, ಇದೂ ಚೆನ್ನಾಗಿಲ್ಲ ಅಂದರೆ ನಾವು ಎಲ್ಲಿರಬೇಕು ಅಂತ ಕೇಳಿದೆ. ಮಾವ ಬಸಿಯಿಂದ ಟೀ ಹೀರುತ್ತಾ ನಮ್ಮಿಬ್ಬರನ್ನೂ ನೋಡಿದ.

"ಮನೆ ಎರಡೂ ಚೆನ್ನಾಗೇ ಅವೆ. ಸರಿ ಇಲ್ದೇ ಇರೋರು ನೀವು. ನೀವು ಹುಡುಕ್ತಿರೋದು ಮನೆ ಅಲ್ಲ ಕಣ್ಲಾ, ಭಾಗ. ಕೇಳಕ್ಕೆ ಬಾಯಿ ಬತ್ತಿಲ್ಲ, ಅಷ್ಟೆ."

ನಾನು ಮಂಜನ ಮುಖ ನೋಡಿದೆ. ಅವನು ರಸ್ತೆಯಲ್ಲಿ ಹೋಗುತ್ತಿದ್ದ ಮಳವಳ್ಳಿ ಬಸ್ಸನ್ನು ಅದರಲ್ಲಿ ತನ್ನ ಹೆಂಡತಿಯ ತವರಿನವರೆಲ್ಲ ಕೂತಿರುವ ಹಾಗೆ ನೋಡುತ್ತಿದ್ದ. ನನಗೆ ನಾಚಿಕೆಯಾಯಿತು. ಆ ನಾಚಿಕೆಯ ಹಿಂದೆಯೇ ಎಂಥ ನಿರಾಳ ಬಂತೆಂದರೆ, ಎದ್ದುಹೋಗಿ ಇನ್ನೊಂದು ಟೀ ಹೇಳಿದೆ.

"ಜನ ಏನಂತಾರೆ ಮಾವ" ಅಂದ ಮಂಜ, ಬಸ್ಸು ಹೋದ ಮೇಲೆ.

"ರಾಮಲಕ್ಷ್ಮಣರ್ನ ಬೋರ ಒಡದಾಕ್ಬುಟ್ಟ ಅಂತಾರೆ. ಅನ್ನಲಿ. ನೀವೂ ಅನ್ನಿ. ಒಬ್ರನ್ನೊಬ್ರು ಬಯ್ಯೋ ಬದ್ಲು ಇಬ್ರೂ ನನ್ನ ಬಯ್ಕಳಿ. ಇನ್ಯಾಕ್ಲಾ ಕರ್ಸೋದು ನನ್ನ?"

ಗೆರೆ ಎಳೆಯುವುದು ಅವನ ಕೆಲಸದಲ್ಲಿ ಚಿಕ್ಕ ಭಾಗ ಅಂತ ನನಗೆ ಅವತ್ತು ತಿಳಿಯಿತು. ಗೆರೆಯನ್ನು ಯಾರು ಬೇಕಾದರೂ ಎಳೆಯಬಹುದು. ಅವನನ್ನು ಕರೆಸುತ್ತಿದ್ದದ್ದು ಕೆಟ್ಟವನಾಗುವುದಕ್ಕೆ.

ನಾನು ಫ್ಲ್ಯಾಟು ತಗೊಂಡೆ, ಮಂಜ ಸಾಲುಮನೆ ತಗೊಂಡ. ಅವ್ವ ನನ್ನ ಜೊತೆ ಬಂದಳು. ಪ್ರೀತಿಗಲ್ಲ, ಒಂದೇ ಮಹಡಿಯಲ್ಲಿ ಮಾತಿಗೆ ಅಷ್ಟು ಬಾಗಿಲು ಸಿಗುತ್ತವೆ ಅಂತ. ನನ್ನ ಹೆಂಡತಿಯ ಮೇಲೆ ಸಿಟ್ಟು ಬಂದಾಗ ಬ್ಯಾಗು ಹಿಡಿದು ಚನ್ನಪಟ್ಟಣಕ್ಕೆ ಹೋಗುತ್ತಾಳೆ, ಮಂಜನ ಹೆಂಡತಿಯ ಮೇಲೆ ಸಿಟ್ಟು ಬಂದಾಗ ಅದೇ ಬ್ಯಾಗು ವಾಪಸ್ಸು ಬರುತ್ತದೆ. ಮಂಜ ಭಾನುವಾರ ಬರುತ್ತಾನೆ. ನಾವು ಎಂದೂ ಇಷ್ಟು ನಕ್ಕಿರಲಿಲ್ಲ. ನೆಂಟರು ಯಾಕ್ರಪ್ಪಾ ಬೇರೆಯಾದಿರಿ ಅಂತ ಕೇಳಿದರೆ ಇಬ್ಬರೂ ಒಂದೇ ಉಸಿರಿಗೆ, ಎಲ್ಲ ಬೋರಮಾವ ಮಾಡಿದ್ದು ಅನ್ನುತ್ತಿದ್ದೆವು. ಹೇಳಿ ಹೇಳಿ ಅದು ನಮಗೇ ನಿಜ ಅನ್ನಿಸಿ, ಸ್ವಲ್ಪ ಕಾಲ ಅವನಿಗೆ ಫೋನ್ ಮಾಡುವುದನ್ನೂ ಬಿಟ್ಟಿದ್ದೆವು. ನಾಚಿಕೆಗೇಡಿನ ಮಾತು, ಆದರೆ ಹಾಗೇ ಆಯಿತು.

ನನ್ನ ಫ್ಲ್ಯಾಟಿಗೆ ಅವನು ಒಂದೇ ಸಲ ಬಂದದ್ದು. ಮುದ್ದೆ, ಅವರೆಕಾಳು ಸಾರು ಉಂಡ. ಬಾಲ್ಕನಿಯಲ್ಲಿ ನಿಂತು ಬೆಟ್ಟ ನೋಡಿ, ಚೆನ್ನಾಗೈತೆ ಅಂದ. ಹೊರಡುವಾಗ, ಇನ್ನೂ ನನ್ನ ಬಯ್ತಾ ಇದ್ದೀರೇನ್ಲಾ ಅಂತ ಕೇಳಿದ. ಹೂಂ ಅಂದೆ. "ನಿಲ್ಲಿಸ್ಬ್ಯಾಡಿ, ಇನ್ನೊಸಿ ದಿನ ಬಯ್ರಿ" ಅಂದು ಲಿಫ್ಟಿನೊಳಗೆ ಹೋದ. ಯಾವುದೋ ಗುಂಡಿ ಒತ್ತಿ ಮೇಲೆ ಹೋಗಿ, ಬಾಗಿಲು ತೆರೆದರೆ ಮತ್ತೆ ನಮ್ಮ ಮುಂದೆಯೇ ನಿಂತಿದ್ದ. ಬತ್ತೀನಿ ಅಂತ ಇನ್ನೊಮ್ಮೆ ಹೇಳಿ ಮೆಟ್ಟಿಲಿಳಿದು ಹೋದ. ಆ ವರ್ಷ ರಾಗಿ ಕಟಾವಾದ ಮೇಲೆ ಒಂದು ಮಧ್ಯಾಹ್ನ ಜಗಲಿಯ ಮೇಲೆ ಮಲಗಿದವನು ಏಳಲಿಲ್ಲ. ನಾನು ತುಂಬಾ ಅತ್ತೆ. ಅವನಿಗೆ ಒಂದು ಸಲವಾದರೂ, ನೀನು ಒಳ್ಳೆಯದು ಮಾಡಿದೆ ಅಂತ ಹೇಳಬೇಕಿತ್ತು.

ಊರವರ ಮನೆಗಳನ್ನೆಲ್ಲ ಭಾಗ ಮಾಡಿದವನು ತನ್ನ ಮಕ್ಕಳಿಗೆ ಭಾಗ ಮಾಡಿರಲಿಲ್ಲ. ತಿಥಿ ಮುಗಿದು ಕೆಲವು ತಿಂಗಳಿಗೆ, ಮಂಜನೂ ಬಂದಿದ್ದ ಒಂದು ಭಾನುವಾರ, ಅವನ ಮಕ್ಕಳಾದ ಪುಟ್ಟಸ್ವಾಮಿ, ಕುಮಾರ ಇಬ್ಬರೂ ನನ್ನ ಮನೆಗೆ ಬಂದು ಸೋಫಾದ ಎರಡು ತುದಿಯಲ್ಲಿ ಕೂತರು. ಹಳೇ ಮನೆ ಕೆಡವಿ ಹೊಸದು ಕಟ್ಟಬೇಕು, ಅಕ್ಕಪಕ್ಕ ಎರಡು ಮನೆ ಕಟ್ಟುವುದೋ, ಕೆಳಗೊಂದು ಮೇಲೊಂದು ಕಟ್ಟುವುದೋ ಅಂತ ಕೇಳಿದರು. ಅಣ್ಣ ಹೆಂಗಂತಾನೋ ಹಂಗೆ ಅಂದ ಕುಮಾರ. ಅವನಿಗೆ ಅನುಕೂಲ ಆದರೆ ಸರಿ ಅಂದ ಪುಟ್ಟಸ್ವಾಮಿ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಂಜ ನನ್ನ ಕಡೆ ನೋಡಿದ. ನಾನು ಮಂಜನ ಕಡೆ ನೋಡಿದೆ. ಅವನು ಎದ್ದು ನಾಯಿಗೆ ನೀರು ಹಾಕಬೇಕು ಅಂತ ಹೊರಗೆ ಹೋದ. ಅವತ್ತು ನಾಯಿಯನ್ನು ಅವನು ಕರೆದುಕೊಂಡೇ ಬಂದಿರಲಿಲ್ಲ.

ಹಾಗಾಗಿ ನಾನೇ ಹೇಳಿದೆ. ಎರಡೂ ಥರ ಕಟ್ಟಬೇಡಿ, ಭಾಗವಾಗಿ, ಒಬ್ಬ ಮನೆ ಇಟ್ಟುಕೊಳ್ಳಲಿ, ಇನ್ನೊಬ್ಬ ತೋಟದ ಹತ್ತಿರ ಬೇರೆ ಕಟ್ಟಿಕೊಳ್ಳಲಿ ಅಂದೆ. ನಮ್ಮಪ್ಪನ ಮನೆ ಒಡೆಯಕ್ಕೆ ನೀನ್ಯಾವನು ಅಂತ ಪುಟ್ಟಸ್ವಾಮಿ ಎದ್ದು ನಿಂತ. ಕುಮಾರ ಅದಕ್ಕಿಂತ ಕೆಟ್ಟ ಮಾತಾಡಿದ. ನಾನು ಇನ್ನೊಂದು ಸಲ ಅದನ್ನೇ ಹೇಳಿದೆ. ಕೊನೆಗೆ ಹಾಗೇ ಮಾಡಿಕೊಂಡರು. ಅವತ್ತಿನಿಂದ ಇಬ್ಬರೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ನನ್ನ ಮಗಳು ಮೈನೆರೆದಾಗ ಮಾಡಿದ ಆರತಿಗೂ ಬರಲಿಲ್ಲ. ಮೊನ್ನೆ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಕಂಡರು. ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಾ, ಏನೋ ಹೇಳಿಕೊಂಡು ಬಗ್ಗಿ ಬಗ್ಗಿ ನಗುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಒಟ್ಟಿಗೇ ಮುಖ ತಿರುಗಿಸಿಕೊಂಡರು.